ಲಾವಣ್ಯಳ ಗಂಡನ ಹುದ್ದೆ

ಹಾಫ್‌ಮನ್ ಎಸ್ಟೇಟ್ಸ್
ಏಪ್ರಿಲ್ 6, 2025

ಅಣ್ಣಾ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ಅಳುತ್ತೇನೆ, ನೀನು ‘ಅಳಬ್ಯಾಡ, ಅಳಬ್ಯಾಡ’ ಅನ್ನುತ್ತಿ, ಅಷ್ಟರಲ್ಲಿ ಇವರು ಫೋನ್ ಇಸಿದುಕೊಂಡು ಡೆಟ್ರಾಯಿಟ್ ಕಡೆ ಹವಾ ಹೇಗಿದೆ ಎಂದು ಕೇಳುತ್ತಾರೆ. ಅದಕ್ಕೇ ಹಾಸ್ಟೆಲಿನ ದಿನಗಳ ಹಾಗೆ ಕಾಗದ ಬರೆಯುತ್ತಿದ್ದೇನೆ. ನೀನೂ ಕಾಗದದಲ್ಲೇ ಉತ್ತರ ಕೊಡು.

ನನ್ನ ಮಗ ಋಷಿ ಆಸ್ಟ್ರೇಲಿಯಾದ ಸೈನ್ಯ ಸೇರಿದ್ದಾನೆ.

ಗಣಿ ಕಂಪನಿಯ ಕಂಪ್ಯೂಟರ್ ಕೆಲಸ ಎಂದು ಬ್ರಿಸ್ಬೇನಿಗೆ ಹೋದವನು. ಅಲ್ಲಿ ಕಾಯಂ ವಾಸಕ್ಕೆ ಅನುಮತಿ ಸಿಕ್ಕಾಗ ನಾವು ಇಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ ಊಟ ಹಾಕಿಸಿದೆವು, ನೀವೂ ಬಂದಿದ್ದಿರಿ. ಆ ಅನುಮತಿಯೇ ದಾರಿಯಾಯಿತು. ಆ ದೇಶಕ್ಕೆ ಸೈನಿಕರು ಸಾಲುತ್ತಿಲ್ಲವಂತೆ. ಈ ವರ್ಷದಿಂದ ಇವನ ಹಾಗೆ ಅಮೆರಿಕದ ಪೌರರಾದವರೂ ಅಲ್ಲಿಯ ಕಾಯಂ ವಾಸಿಗಳಾಗಿದ್ದರೆ ಸೇರಬಹುದಂತೆ. ಅರ್ಜಿ ಹಾಕಿದ್ದನ್ನು ನಮಗೆ ಹೇಳಲಿಲ್ಲ. ತರಬೇತಿಗೆ ಹೊರಡುವ ಹಿಂದಿನ ದಿನ ಫೋನ್ ಮಾಡಿ ಹೇಳಿದ. ಈಗ ವಾಗಾ ವಾಗಾ ಎಂಬ ಊರಿನಲ್ಲಿದ್ದಾನೆ. ಫೋನ್ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಕೈಗೆ ಕೊಡುತ್ತಾರೆ.

ಇವರು ಅಳಲಿಲ್ಲ, ಬೈಯಲೂ ಇಲ್ಲ. ಆಸ್ಟ್ರೇಲಿಯಾ ಸರ್ಕಾರದ ರಕ್ಷಣಾ ನೀತಿಯನ್ನು ಪ್ರಿಂಟ್ ಮಾಡಿಕೊಂಡು ಪೆನ್ಸಿಲ್ ಹಿಡಿದು ಓದುತ್ತಿದ್ದಾರೆ. ಯುದ್ಧ ಬರುವುದಾದರೆ ಹತ್ತು ವರ್ಷ ಮೊದಲೇ ಸುಳಿವು ಸಿಗುತ್ತದೆ ಎಂದು ಆ ದೇಶ ಬಹಳ ಕಾಲ ನಂಬಿಕೊಂಡಿತ್ತಂತೆ. ಆ ನಂಬಿಕೆಯನ್ನು ಈಗ ಕೈಬಿಟ್ಟಿದ್ದಾರಂತೆ. ಊಟಕ್ಕೆ ಕೂತಾಗ ನನಗೆ ಇದನ್ನೆಲ್ಲ ಪಾಠ ಹೇಳುತ್ತಾರೆ. ನಮಗೆ ಸಿಕ್ಕ ಸುಳಿವು ಒಂದು ದಿನದ್ದು.

ಒಂದೇ ಸಮಾಧಾನ. ಅವನನ್ನು ಆರಿಸಿರುವುದು ಸಂದೇಶಗಳನ್ನು ಕೇಳಿ ಬಿಡಿಸುವ ವಿಭಾಗಕ್ಕೆ. ಕೋಣೆಯೊಳಗಿನ ಕೆಲಸ. ಅದಕ್ಕೆ ಮೊದಲು ಅಲ್ಲಿಯ ಪೌರತ್ವ ಬೇಕು, ಆಮೇಲೆ ಇವನು ನಂಬಿಕಸ್ಥನೋ ಅಲ್ಲವೋ ಎಂದು ಸರ್ಕಾರ ತಪಾಸಣೆ ಮಾಡಬೇಕು. ತಪಾಸಣೆ ದಾಟದಿದ್ದರೆ ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೇನೆ.

ಅವನು ನಮ್ಮ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾನೆ. ಚಿಕ್ಕಂದಿನಿಂದಲೂ ಅವನಿಗೆ ಮಾಮಾ ಅಂದರೆ ಸಾಕು. ಹೇಗಾದರೂ ಮಾಡಿ ಬಿಡಿಸು.

ಶರಣ್ಯಾ ವೈನಿಗೆ ನೆನಪು ಹೇಳು.

ನಿನ್ನ
ವಿನಿತಾ

*

ಸ್ಟರ್ಲಿಂಗ್ ಹೈಟ್ಸ್
ಏಪ್ರಿಲ್ 20, 2025

ಪ್ರೀತಿಯ ವಿನೂ,

ಕಾಗದ ಬಂತು. ಶರಣ್ಯಾಳಿಗೂ ಓದಿ ಹೇಳಿದೆ. ಅವಳು, ‘ಹುಡುಗಗ ಇಪ್ಪತ್ತಾರು ವರ್ಷ ಆದವು, ಎತ್ತಿಕೊಂಡು ಬರಲಿಕ್ಕೆ ಆಗ್ತದೇನು?’ ಅಂದಳು. ನೀನು ಸಿಟ್ಟಾಗಬೇಡ, ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೇನೆ.

ನಾನು ಅವನ ಜೊತೆ ಮಾತಾಡುತ್ತೇನೆ. ಆದರೆ ತರಬೇತಿಯ ನಡುವೆ ಕೂಡದು, ಮನಸ್ಸು ಕೆಡುತ್ತದೆ. ಮುಗಿಯಲಿ. ಕೋಣೆಯೊಳಗಿನ ಕೆಲಸ ಎಂದು ನೀನೇ ಬರೆದಿದ್ದಿ. ಇಲ್ಲಿ ನಮ್ಮ ಕಾರು ಪ್ಲಾಂಟಿನಲ್ಲಿ ತಗಡು ಒತ್ತುವ ಪ್ರೆಸ್ ಮುಂದೆ ನಿಲ್ಲುವವರಿಗಿಂತ ಅವನು ಸುರಕ್ಷಿತ. ಆಮದು ಸುಂಕದ ಗಲಾಟೆಯಿಂದ ನಮ್ಮಲ್ಲಿ ಒಂದು ಶಿಫ್ಟು ನಿಂತಿದೆ. ನನ್ನ ಕುರ್ಚಿಗೆ ಸದ್ಯಕ್ಕೆ ಏನೂ ಆಗಿಲ್ಲ.

ಶ್ಯಾಮರಾಯರಿಗೆ ಪೆನ್ಸಿಲ್ ಕೆಳಗಿಡಲು ಹೇಳು. ಒಂದು ದೇಶದ ನೀತಿಯನ್ನು ಅವರು ಓದಿದರೂ ಓದದಿದ್ದರೂ ಅದು ಹಾಗೇ ಇರುತ್ತದೆ.

ನಿನ್ನ ಅಣ್ಣ
ಚಿದಂಬರ

*

ಹಾಫ್‌ಮನ್ ಎಸ್ಟೇಟ್ಸ್
ಜುಲೈ 13, 2025

ಅಣ್ಣಾ,

ತರಬೇತಿ ಮುಗಿದು ಪರೇಡ್ ಆಯಿತು. ನಾವು ಹೋಗಲಿಲ್ಲ. ಇವರು ಟಿಕೆಟ್ ನೋಡಿದ್ದರು, ನಾನು ಬೇಡ ಅಂದೆ. ಹೋದರೆ ಒಪ್ಪಿದ ಹಾಗಾಗುತ್ತದೆ.

ವಿಡಿಯೊ ಕಳಿಸಿದ್ದ. ಅಷ್ಟು ಜನರ ಸಾಲಿನಲ್ಲಿ ಮೊದಲ ಸಲಕ್ಕೇ ಗುರುತು ಸಿಕ್ಕಿತು. ಎಡಗೈ ಬೀಸುವಾಗ ಮೊಣಕೈ ಸ್ವಲ್ಪ ಹೊರಗೆ ಹೋಗುತ್ತದೆ, ಥೇಟ್ ನಮ್ಮಪ್ಪನ ಹಾಗೆ. ಟೋಪಿ ಅವನಿಗೆ ಚೆನ್ನಾಗಿ ಕೂಡುತ್ತದೆ. ಮುಖ ಸಣ್ಣಗಾಗಿದೆ. ಕ್ಲಿನಿಕ್ಕಿನಲ್ಲಿ ನನ್ನ ನರ್ಸಿಗೆ ತೋರಿಸಿದೆ, ಅವಳು ‘ಪ್ರೌಡ್ ಮಾಮ್’ ಅಂದಳು. ನಾನು ಥ್ಯಾಂಕ್ಸ್ ಹೇಳಿದೆ. ಮತ್ತೇನು ಹೇಳಲಿ?

ಅಲ್ಲಿ ಮೂರು ತಿಂಗಳು ಸೇವೆ ಮಾಡಿದರೆ ಪೌರತ್ವ ಕೊಡುತ್ತಾರಂತೆ, ಅದೂ ಬಂದಿದೆ. ಈ ದೇಶದ ಪೌರತ್ವಕ್ಕೆ ನಾವು ಕಾದ ವರ್ಷಗಳು ನಿನಗೆ ಗೊತ್ತು. ಇನ್ನು ತಪಾಸಣೆ ಶುರುವಾಗುತ್ತದೆ.

ನೀನು ಅವನ ಜೊತೆ ಮಾತಾಡುತ್ತಿರುವುದು ಅವನ ದನಿಯಿಂದಲೇ ಗೊತ್ತಾಗುತ್ತದೆ. ಮೊದಲಿನ ಹಟ ಇಲ್ಲ. ‘ಮಾಮಾ ಈಸ್ ಹೆಲ್ಪಿಂಗ್ ಮಿ ಅ ಲಾಟ್’ ಅಂದ. ನಿನ್ನ ಉಪಕಾರ ಮರೆಯುವುದಿಲ್ಲ.

ವಿನಿತಾ

*

ಸ್ಟರ್ಲಿಂಗ್ ಹೈಟ್ಸ್
ಸೆಪ್ಟೆಂಬರ್ 7, 2025

ಪ್ರೀತಿಯ ವಿನೂ,

ನಿನ್ನ ಜುಲೈ ತಿಂಗಳ ಕಾಗದವನ್ನು ಎರಡು ಸಲ ಓದಿದೆ. ಟೋಪಿಯ ಬಗ್ಗೆ ನೀನು ಬರೆದದ್ದು ನೋಡಿ ಮನಸ್ಸು ಹಗುರಾಯಿತು. ತಾಯಿ ಒಪ್ಪಿದ ಮೇಲೆ ಮಗನಿಗೆ ಇನ್ನೇನು ಬೇಕು? ಆದ್ದರಿಂದ ಇಷ್ಟು ದಿನ ಬರೆಯದಿದ್ದುದನ್ನು ಈಗ ಧೈರ್ಯವಾಗಿ ಬರೆಯುತ್ತೇನೆ.

ತಪಾಸಣೆಗೆ ಅವನನ್ನು ಬಹಳ ವರ್ಷಗಳಿಂದ ಬಲ್ಲವರೊಬ್ಬರು ಸಾಕ್ಷಿ ಬೇಕು ಎಂದು ಋಷಿ ನನ್ನ ಹೆಸರು ಕೊಟ್ಟಿದ್ದ. ಜನವರಿಯಲ್ಲೇ ಕೇಳಿದ್ದ, ನಾನು ಹೂಂ ಅಂದಿದ್ದೆ. ಮೊನ್ನೆ ಆಸ್ಟ್ರೇಲಿಯಾದಿಂದ ಫೋನ್ ಬಂತು. ಒಬ್ಬ ಹೆಣ್ಣುಮಗಳು, ಬಹಳ ಮರ್ಯಾದೆಯ ಮಾತು. ಕುಡಿಯುತ್ತಾನೆಯೇ, ಸಾಲ ಇದೆಯೇ, ಸಿಟ್ಟು ಬಂದರೆ ಏನು ಮಾಡುತ್ತಾನೆ, ಯಾರ ಜೊತೆ ಓಡಾಡುತ್ತಾನೆ. ಕೇಳುತ್ತ ಕೇಳುತ್ತ ನನಗೆ ನಗು ಬಂತು. ಇದು ಹುಡುಗಿ ಕಡೆಯವರು ಸಂಬಂಧ ವಿಚಾರಿಸುವ ರೀತಿಯೇ. ಇಲ್ಲಿ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್, ಎಲ್ಲ ಕಡೆಯ ಜನ ನಮ್ಮ ಹುಡುಗರ ಬಗ್ಗೆ ನನ್ನನ್ನು ಕೇಳುತ್ತಾರೆ. ಹೇಗೆ ಹೇಳಬೇಕು ಎಂಬುದು ನನಗೆ ಹೊಸದಲ್ಲ.

ಹುಡುಗ ಬಂಗಾರ ಅಂದೆ. ಮನೆತನ ಹೇಳಿದೆ. ಆಮೇಲೆ ಅವಳು, ಬಂಧುಗಳಲ್ಲಿ ಯಾರಾದರೂ ಬೇರೆ ದೇಶದ ಸರ್ಕಾರದಲ್ಲಿ, ಸೈನ್ಯದಲ್ಲಿ ಇದ್ದಾರೆಯೇ ಎಂದು ಕೇಳಿದಳು. ಈ ಪ್ರಶ್ನೆ ಬರುತ್ತದೆ ಎಂದು ನಾನು ಕಾಯುತ್ತಲೇ ಇದ್ದೆ. ಸೈನ್ಯ ಸೇರುವ ಹುಡುಗನಿಗೆ ಆ ಕಡೆಯ ಬಳಗ ಇದ್ದರೆ ತೂಕ ಬರುತ್ತದೆಯಲ್ಲ. ನಮ್ಮ ಕಾಕಾನ ಮಗಳು ಲಾವಣ್ಯಳ ಗಂಡ ಭಾರತದ ರಕ್ಷಣಾ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ದಿಲ್ಲಿಯಲ್ಲಿ ಬಂಗಲೆ ಇದೆ, ನಮ್ಮ ಹುಡುಗ ಅಲ್ಲಿ ಹೋಗಿ ಉಳಿಯುತ್ತಾನೆ, ಋಷಿ ಅಂದರೆ ಅವನಿಗೆ ಸ್ವಂತ ಮಗನಿದ್ದ ಹಾಗೆ ಎಂದು ಹೇಳಿದೆ. ಅವಳು ಬಹಳ ಆಸಕ್ತಿಯಿಂದ ಕೇಳಿದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು.

ನಮ್ಮ ಋಷಿಯ ಕೆಲಸ ಆಯಿತು ಅಂದುಕೋ.

ಚಿದಂಬರ

*

ಹಾಫ್‌ಮನ್ ಎಸ್ಟೇಟ್ಸ್
ಸೆಪ್ಟೆಂಬರ್ 14, 2025

ಅಣ್ಣಾ,

ಒಳ್ಳೆಯದಾಯಿತು.

ಲಾವಣ್ಯಳ ಗಂಡನ ಬಗ್ಗೆ ನೀನು ಹೇಳಿದ್ದನ್ನು ಇನ್ನೊಂದು ಸಲ ಸರಿಯಾಗಿ ಬರೆದು ತಿಳಿಸು. ಋಷಿ ಅಲ್ಲಿ ಎಷ್ಟು ಸಲ ಉಳಿದಿದ್ದ ಎಂದೆ? ಯಾವ ವರ್ಷ ಎಂದೆ? ನನಗೂ ಫೋನ್ ಬಂದರೆ ಬೇರೆ ಬೇರೆ ಹೇಳುವುದು ಸರಿಯಲ್ಲ.

ವಿನಿತಾ

*

ಸ್ಟರ್ಲಿಂಗ್ ಹೈಟ್ಸ್
ಸೆಪ್ಟೆಂಬರ್ 21, 2025

ಪ್ರೀತಿಯ ವಿನೂ,

ನೀನು ಕೇಳಿದ್ದು ಬಹಳ ಸರಿ. ಡಾಕ್ಟರ್ ಬುದ್ಧಿ.

ಊರಿಗೆ ಹೋದಾಗಲೆಲ್ಲ ದಿಲ್ಲಿಯಲ್ಲಿ ಇಳಿದು ಅವರ ಮನೆಯಲ್ಲಿ ಕೆಲವು ದಿನ ಇದ್ದು ಬರುತ್ತಾನೆ ಎಂದೆ. ಈಚೆಗೆ ಯಾವಾಗ ಎಂದಾಗ, ಕಾಲೇಜು ಮುಗಿದ ಬೇಸಿಗೆಯಲ್ಲಿ ಎಂದೆ. ಅಷ್ಟೇ. ಲಾವಣ್ಯಳ ಗಂಡ ಯಾವ ವಿಭಾಗ ಎಂದು ಕೇಳಿದಳು, ಅದನ್ನೆಲ್ಲ ಹೊರಗೆ ಹೇಳುವ ಹಾಗಿಲ್ಲ ಎಂದು ಗಂಭೀರವಾಗಿ ಹೇಳಿಬಿಟ್ಟೆ.

ಪಾಪ, ಅವನು ಪುಣೆಯಲ್ಲಿ ನಿವೃತ್ತ ಸಿಪಾಯಿಗಳ ಪೆನ್ಶನ್ ಫೈಲು ನೋಡುತ್ತ ಕೂತಿದ್ದಾನೆ. ಈ ಬಡ್ತಿ ಅವನಿಗೆ ತಿಳಿದರೆ ಪೇಢೆ ಕಳಿಸುತ್ತಾನೆ. ಋಷಿ ಅವನನ್ನು ನೋಡಿದ್ದು ಹುಬ್ಬಳ್ಳಿಯಲ್ಲಿ, ಅವರ ಮದುವೆಯಲ್ಲಿ ಒಂದೇ ಸಲ. ಆಗ ಋಷಿ ಮೂರನೇ ಕ್ಲಾಸೋ ಏನೋ. ಇರಲಿ. ಇಂಥ ಮಾತಿನಲ್ಲಿ ನೂರಕ್ಕೆ ಇಪ್ಪತ್ತು ಕಳೆದೇ ಎಲ್ಲರೂ ಕೇಳುತ್ತಾರೆ.

ಚಿದಂಬರ

*

ಹಾಫ್‌ಮನ್ ಎಸ್ಟೇಟ್ಸ್
ನವೆಂಬರ್ 9, 2025

ಅಣ್ಣಾ,

ನಿನಗೆ ಸಿಟ್ಟು ಬರುತ್ತದೆ. ಬರಲಿ, ಓದು.

ನಿನಗೆ ಮಾಡಿದವಳೇ ನನಗೂ ಫೋನ್ ಮಾಡಿದ್ದಳು. ಲಾವಣ್ಯಳ ಗಂಡನ ಮಾತನ್ನೇ ಕೇಳಿದಳು. ನಾನು ಹೌದು ಅಂದೆ.

ನೂರಕ್ಕೆ ಇಪ್ಪತ್ತು ಕಳೆಯುವುದು ನಮ್ಮ ಜನ. ಅವರು ಕಳೆಯುವುದಿಲ್ಲ, ಕೂಡಿಸುತ್ತಾರೆ. ಗುಟ್ಟಿನ ಕೋಣೆಯಲ್ಲಿ ಕೂರಿಸುವ ಹುಡುಗನಿಗೆ ಇನ್ನೊಂದು ದೇಶದ ರಕ್ಷಣಾ ಇಲಾಖೆಯಲ್ಲಿ ಮಗನಂತೆ ನೋಡಿಕೊಳ್ಳುವ ಚಿಕ್ಕಪ್ಪನಿದ್ದರೆ ಅದು ಅವರಿಗೆ ತೂಕವಲ್ಲ, ಕಳಂಕ. ನಿನ್ನ ಕಾಗದ ಓದಿದ ಕ್ಷಣವೇ ನನಗೆ ಅದು ಹೊಳೆಯಿತು. ಇವರು ಪ್ರಿಂಟ್ ಮಾಡಿದ್ದರಲ್ಲೂ ಅದೇ ಇತ್ತು, ಹೊರಗಿನ ದೇಶಗಳ ಪ್ರಭಾವದ ಬಗ್ಗೆ ಪುಟಗಟ್ಟಲೆ. ನೀನು ಸಹಾಯವೆಂದು ಮಾಡಿದ್ದು ನನಗೆ ಸಹಾಯವೇ ಆಯಿತು. ನಾನು ಅಲ್ಲ ಅಂದಿದ್ದರೆ ಅವರ ಅನುಮಾನ ಅಲ್ಲಿಗೇ ಮುಗಿದುಹೋಗುತ್ತಿತ್ತು. ಹೌದು ಅಂದೆ.

ಈಗ ಅವನ ತಪಾಸಣೆ ನಿಂತಿದೆ. ಮತ್ತೆ ಮತ್ತೆ ಕರೆಸಿ ಪ್ರಶ್ನೆ ಕೇಳುತ್ತಿದ್ದಾರಂತೆ, ದನಿ ಸಪ್ಪೆಯಾಗಿದೆ. ಕಾರಣ ನಮಗೆ ಹೇಳಿಲ್ಲ, ಹೇಳುವ ಹಾಗಿಲ್ಲವಂತೆ. ಪಾಪ ಅನ್ನಿಸುತ್ತದೆ. ಆದರೆ ಮನೆಗೆ ಬಂದ ಮೇಲೆ ಎರಡು ತಿಂಗಳಲ್ಲಿ ಮರೆಯುತ್ತಾನೆ. ಅವನ ರೂಮಿನ ಗೋಡೆಗೆ ಬಣ್ಣ ಹೊಡೆಸಿದೆ. ಪಕ್ಕದ ಶಾಂಬರ್ಗಿನ ಒಂದು ಕಂಪನಿಯಲ್ಲಿ ಇವರ ಸ್ನೇಹಿತರಿದ್ದಾರೆ, ಅವನ ಕೆಲಸಕ್ಕೆ ಅವರಿಗೂ ಹೇಳಿಟ್ಟಿದ್ದೇವೆ.

ಇವರಿಗೆ ಈ ಫೋನಿನ ವಿಷಯ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ವಿನಿತಾ

*

ಸ್ಟರ್ಲಿಂಗ್ ಹೈಟ್ಸ್
ಡಿಸೆಂಬರ್ 7, 2025

ವಿನೂ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎರಡು ಸಲ ಎದ್ದುಹೋದೆ. ಸಿಟ್ಟು ಬರಲಿಲ್ಲ. ನನ್ನ ಮಾತು ಇಷ್ಟು ದೂರ ಹೋಗುತ್ತದೆ ಎಂದು ನಾನು ತಿಳಿಯಬೇಕಿತ್ತು.

ನಿನ್ನೆ ಋಷಿ ನನಗೆ ಫೋನ್ ಮಾಡಿದ್ದ. ನಿನಗೆ ಹೇಳಬೇಡ ಎಂದಿದ್ದಾನೆ. ಹೇಳುತ್ತಿದ್ದೇನೆ.

ಅವನು ಮನೆಗೆ ಬರುವುದಿಲ್ಲ. ಸೇರುವಾಗಲೇ ನಾಲ್ಕು ವರ್ಷದ ಒಪ್ಪಂದಕ್ಕೆ ಸಹಿ ಮಾಡಿದ್ದಾನೆ. ತಪಾಸಣೆಯಲ್ಲಿ ಬಿದ್ದವನನ್ನು ಅವರು ವಾಪಸ್ ಕಳಿಸುವುದಿಲ್ಲ, ತಪಾಸಣೆ ಅಷ್ಟಾಗಿ ಬೇಡದ ಕೆಲಸಕ್ಕೆ ಹಾಕುತ್ತಾರೆ. ಸೈನಿಕರು ಸಾಲದ ದೇಶ ಎಂದು ನೀನೇ ಮೊದಲ ಕಾಗದದಲ್ಲಿ ಬರೆದಿದ್ದಿ, ನಾವಿಬ್ಬರೂ ಅದನ್ನು ಯೋಚಿಸಲಿಲ್ಲ. ಕೋಣೆಯ ಕೆಲಸ ಹೋಯಿತು. ಬಂದೂಕು ಹೊರುವ ಕಾಲಾಳು ಪಡೆಗೆ ಹಾಕಿದ್ದಾರೆ. ಹೊಸ ವರ್ಷಕ್ಕೆ ಉತ್ತರದ ತುದಿಗೆ, ಡಾರ್ವಿನ್‌ಗೆ. ಏನಾದರೂ ಆಗುವುದಿದ್ದರೆ ಮೊದಲು ಆಗುವುದು ಆ ಕಡೆ ಎಂದು ಶ್ಯಾಮರಾಯರ ಪುಸ್ತಕದಲ್ಲಿ ಇರಬೇಕು.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ದಿಲ್ಲಿಯ ಚಿಕ್ಕಪ್ಪನ ವಿಷಯವನ್ನು ಯಾಕೆ ಮುಚ್ಚಿಟ್ಟೆ ಎಂದು ಅವನನ್ನೇ ಕೇಳಿದರಂತೆ. ಮೊದಲು, ಅಂಥವರು ಯಾರೂ ನನಗೆ ಗೊತ್ತಿಲ್ಲ ಅಂದನಂತೆ. ಮನೆಯವರಿಬ್ಬರೂ ಇದನ್ನೇ ಹೇಳಿದ್ದಾರೆ ಎಂದಾಗ ಯಾರೆಂದು ಅವನಿಗೆ ಅರ್ಥವಾಗಿದೆ. ನನಗೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. ‘ಮಾಮಾ, ನೀವು, ಅಮ್ಮ ಇಬ್ರೂ ಸುಳ್ಳು ಯಾಕೆ ಹೇಳ್ತೀರಿ, ಹೇಳಲ್ಲ. ಐ ಮಸ್ಟ್ ಹ್ಯಾವ್ ಫರ್ಗಾಟನ್.’ ಮರೆತಿದ್ದೆ, ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದಾನೆ.

ಫೋನಿನಲ್ಲಿ ಅವನಿಗೆ ನಿಜ ಹೇಳಲಿಲ್ಲ, ಊಟ ಆಯಿತೇ ಎಂದು ಕೇಳಿದೆ. ಅವನು ಇಟ್ಟ ಮೇಲೆ ಆ ತಪಾಸಣೆಯವರ ನಂಬರಿಗೆ ಕರೆ ಮಾಡಿದೆ. ನಾನು ಹೇಳಿದ್ದು ಬಡಾಯಿ, ಅಂಥ ಬಂಗಲೆ ಇಲ್ಲ, ಲಾವಣ್ಯಳ ಗಂಡ ಪೆನ್ಶನ್ ಗುಮಾಸ್ತ ಅಂದೆ. ಬೇರೆ ಯಾರೋ ಗಂಡಸು. ಸಮಾಧಾನದಿಂದ ಕೇಳಿ, ಆ ಸೈನಿಕನೇ ತಪ್ಪೊಪ್ಪಿ ಸಹಿ ಮಾಡಿದ ಮೇಲೆ ಹೊರಗಿನವರು ಫೋನಿನಲ್ಲಿ ಹೇಳಿದ್ದನ್ನು ತೆಗೆದುಕೊಳ್ಳಲಾಗುವುದಿಲ್ಲ, ಏನಿದ್ದರೂ ಅವನ ಮೂಲಕವೇ ಬರಬೇಕು ಅಂದ.

ಅಂದರೆ ಅವನಿಗೆ ಹೇಳಬೇಕು. ನೀನು ಹೇಳುತ್ತೀಯೋ, ನಾನು ಹೇಳಲೋ?

ಚಿದಂಬರ

*

ಹಾಫ್‌ಮನ್ ಎಸ್ಟೇಟ್ಸ್
ಡಿಸೆಂಬರ್ 14, 2025

ಅಣ್ಣಾ,

ಅವನು ಸೈನ್ಯ ಸೇರುವುದು ಜನವರಿಯಲ್ಲೇ ನಿನಗೆ ಗೊತ್ತಿತ್ತು. ನಾನು ಏಪ್ರಿಲಿನಲ್ಲಿ ಬಿಡಿಸು ಎಂದು ಬೇಡಿಕೊಂಡಾಗ, ತರಬೇತಿಯ ನಡುವೆ ಮನಸ್ಸು ಕೆಡಿಸಬಾರದು ಎಂದು ಬರೆದೆ. ಸೆಪ್ಟೆಂಬರಿನಲ್ಲಿ ಅದನ್ನು ಓದಿದಾಗ ನಾನು ಏನೂ ಅನ್ನಲಿಲ್ಲ, ನನಗೆ ನಿನ್ನಿಂದ ಕೆಲಸ ಆಗಬೇಕಿತ್ತು. ಈಗ ಅನ್ನುತ್ತಿದ್ದೇನೆ.

ನೀನು ಹೇಳಬೇಡ. ನೀನು ಹೇಳಿದರೆ ಅದರಲ್ಲೂ ಇಪ್ಪತ್ತು ಸೇರಿಸುತ್ತಿ.

ತಾಯಿ ನಾನು, ನಾನೇ ಹೇಳುತ್ತೇನೆ. ಅವನು ಡಾರ್ವಿನ್ ತಲುಪಿ ಮೊದಲ ಭಾನುವಾರ ಫೋನ್ ಮಾಡಿದಾಗ ಹೇಳುತ್ತೇನೆ. ಹೇಳಿದರೆ ಅವನು ಅವರಿಗೆ ಹೇಳುತ್ತಾನೆ, ಮತ್ತೆ ತಪಾಸಣೆ ನಡೆಯುತ್ತದೆ, ಕೋಣೆಯ ಕೆಲಸ ವಾಪಸ್ ಸಿಗಬಹುದು. ನನ್ನ ಜೊತೆ ಮಾತು ಬಿಡುತ್ತಾನೆ. ಬಿಡಲಿ.

ವಿನಿತಾ

*

ಸ್ಟರ್ಲಿಂಗ್ ಹೈಟ್ಸ್
ಜನವರಿ 11, 2026

ವಿನೂ,

ನೀನು ಬೈದದ್ದು ನ್ಯಾಯ.

ಹೇಳಿದೆಯಾ? ಅವನು ನನಗೆ ಫೋನ್ ಮಾಡಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಅದರಿಂದ ಹೇಳಿದ್ದಿ ಎಂದೇ ತಿಳಿದಿದ್ದೇನೆ. ಅವನ ಸಿಟ್ಟು ನನ್ನ ಮೇಲೆ ಮೊದಲು ಇರಲಿ, ನಿನ್ನ ಮೇಲೆ ಆಮೇಲೆ. ಹಾಗೆಂದು ಅವನಿಗೆ ಹೇಳಿಬಿಡು. ಬೇಕಾದ್ದನ್ನು ಬರೆದು ಸಹಿ ಹಾಕಿ ಕೊಡಲು ನಾನು ತಯಾರಿದ್ದೇನೆ.

ಇಲ್ಲಿ ಚಳಿ ಸೊನ್ನೆಗಿಂತ ಕೆಳಗೆ ಇಳಿದಿದೆ. ಶರಣ್ಯಾ ದಿನಾ ಕೇಳುತ್ತಾಳೆ.

ಚಿದಂಬರ

*

ಹಾಫ್‌ಮನ್ ಎಸ್ಟೇಟ್ಸ್
ಜನವರಿ 25, 2026

ಅಣ್ಣಾ,

ಅವನು ಉತ್ತರಿಸದಿದ್ದುದು ಸಿಟ್ಟಿನಿಂದಲ್ಲ. ಕಾಡಿನಲ್ಲಿ ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದರಂತೆ, ಅಲ್ಲಿ ಸಿಗ್ನಲ್ ಇಲ್ಲ. ಮೊನ್ನೆ ವಾಪಸ್ ಬಂದು ಫೋನ್ ಮಾಡಿದ. ಅಲ್ಲಿ ಈಗ ಮಳೆಗಾಲ, ತೊಂಬತ್ತು ಡಿಗ್ರಿ ಫ್ಯಾರನ್‌ಹೀಟಿನ ಮೇಲಿನ ಸೆಕೆ. ಬೂಟಿನೊಳಗೆ ಕಾಲಿನ ಚರ್ಮ ಸುಲಿದಿದೆ. ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದ. ಒಣಗಿಸಿಕೋ, ಪೌಡರ್ ಹಾಕು ಅಂದೆ. ‘ಯೆಸ್ ಡಾಕ್ಟರ್’ ಅಂದು ನಕ್ಕ. ಇವರು ಪಕ್ಕದಲ್ಲಿದ್ದರು. ಕಾಲನ್ನೇ ನೋಡುತ್ತಿದ್ದರು. ನಾನು ಫೋನ್ ತೆಗೆದುಕೊಂಡು ಅವನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೇಳಬೇಕಾದ ಮೊದಲ ವಾಕ್ಯ ಬಾಯಲ್ಲೇ ಇತ್ತು.

ನಾನು ಶುರು ಮಾಡುವ ಮೊದಲೇ ಅವನು ಕೇಳಿದ. ಆ ದಿಲ್ಲಿ ಅಂಕಲ್ ಬಗ್ಗೆ ಬಹಳ ಯೋಚಿಸಿದೆ ಅಮ್ಮಾ, ಯಾಕೋ ಮುಖ ನೆನಪಾಗುವುದಿಲ್ಲ, ಅಷ್ಟು ಚೆನ್ನಾಗಿ ನೋಡಿಕೊಂಡವರನ್ನು ಮರೆತೆನಲ್ಲ ಎಂದು ನಾಚಿಕೆಯಾಗುತ್ತದೆ, ಆ ಮನೆ ಹೇಗಿತ್ತು, ಸ್ವಲ್ಪ ನೆನಪು ಮಾಡಿಕೊಡು ಅಂದ. ಇಷ್ಟನ್ನೂ ಇಂಗ್ಲಿಷಿನಲ್ಲೇ ಅಂದ. ಕೊನೆಗೆ ಮಾತ್ರ, ‘ನಂಗ್ಯಾಕೆ ನೆನಪಿಲ್ಲ ಅಮ್ಮಾ?’ ಅಂದ.

ನವೆಂಬರಿನಲ್ಲಿ ನಿನಗೆ ನಾನು ಪೂರ್ತಿ ಬರೆದಿರಲಿಲ್ಲ. ಆ ಹೆಣ್ಣುಮಗಳಿಗೆ ನಾನು ಬರೀ ಹೌದು ಅಂದಿರಲಿಲ್ಲ. ಅವಳು ನಂಬಬೇಕಲ್ಲ ಎಂದು ಬಂಗಲೆಯ ಮುಂದಿನ ಬೇವಿನ ಮರ, ಗೇಟಿನ ಕಾವಲುಗಾರ, ಮಹಡಿಯ ಮೇಲೆ ಋಷಿಗೆಂದೇ ಇಟ್ಟಿದ್ದ ಕೋಣೆ, ಅದರ ಕೂಲರಿನ ಸದ್ದಿಗೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ ಎಂಬುದು, ಎಲ್ಲವನ್ನೂ ಹೇಳಿದ್ದೆ. ಎಲ್ಲಿಂದ ಬಂತೋ, ನಿಲ್ಲಿಸದೆ ಹೇಳಿದ್ದೆ.

ಅದನ್ನೇ ಅವನಿಗೂ ಹೇಳಿದೆ, ಅಣ್ಣಾ. ಒಂದೊಂದಾಗಿ, ಅದೇ ಕ್ರಮದಲ್ಲಿ. ಅವನು ಸುಲಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೇಳಿದ. ನನ್ನ ಬಾಯಿಂದ ನಿಜ ಬಂದರೆ ಆ ಕಾಲನ್ನು ಇನ್ನು ಮುಂದೆ ನನಗೆ ತೋರಿಸುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಕೂಲರಿನ ಮಾತು ಬಂದಾಗ ಅವನ ಮುಖ ಅರಳಿತು. ಕಣ್ಣು ಮುಚ್ಚಿ, ‘ವೇಟ್. ದ ಕೂಲರ್. ಹೌದಮ್ಮಾ, ನೆನಪಾಗ್ತಾ ಇದೆ’ ಅಂದ.

ನಿನ್ನನ್ನು ಕೇಳಿದರೆ ನೀನೂ ಅದನ್ನೇ ಹೇಳು. ಬೇವಿನ ಮರ ಗೇಟಿನ ಎಡಗಡೆ.

ವಿನಿತಾ